ತುಕ್ಕು ಹಿಡಿದ ಮೋಟಾರ್ ಸೈಕಲ್ಲಿಗೆ ಮೂರು ಕೋಟಿ!

ಇಂಗ್ಲೆಂಡಿನ ಹಳೇ ಗಾಡಿಗಳ ಹರಾಜು: ಹೊಳಪಿಗೆ ಮರುಳಾದವ ಕೆಟ್ಟ, ಕಾಗದ ಓದಿದವ ಗೆದ್ದ

ಗುಜರಿಯವನ ಹತ್ರ ತಗೊಂಡು ಹೋದ್ರೆ ತಕ್ಕಡಿಗೆ ಹಾಕಿ ಕೆ.ಜಿ. ಲೆಕ್ಕದಲ್ಲಿ ದುಡ್ಡು ಎಣಿಸುವಂಥ ಮಾಲು. ಮೈಯೆಲ್ಲ ತುಕ್ಕು, ಧೂಳು. ಕೆಲವಂತೂ ಬಿಡಿಬಿಡಿ. ಎಂಜಿನ್ ಒಂದು ಕಡೆ, ಚೌಕಟ್ಟು ಒಂದು ಕಡೆ. ಅಂಥ ಎಂಟು ಮೋಟಾರ್ ಸೈಕಲ್ಲುಗಳು 2016ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ನಲ್ಲಿ ನಡೆದ ಬೊನ್‌ಹ್ಯಾಮ್ಸ್ ಹರಾಜಿಗೆ ಬಂದವು. ಎಂಟೂ ಸೇರಿ ಹೋದದ್ದು 7,52,625 ಪೌಂಡಿಗೆ! ಅದರಲ್ಲಿ ಒಂದೇ ಒಂದು ಗಾಡಿ 3,31,900 ಪೌಂಡ್ ತಂದಿತು. ಅಂದಿನ ಲೆಕ್ಕದಲ್ಲಿ ಮೂರು ಕೋಟಿ ರೂಪಾಯಿಗೂ ಮೇಲೆ.

ಆ ಗಾಡಿಗಳ ಹೆಸರು ಬ್ರಫ್ ಸುಪೀರಿಯರ್. ನಾಟಿಂಗ್‌ಹ್ಯಾಮ್‌ನಲ್ಲಿ ಜಾರ್ಜ್ ಬ್ರಫ್ ಎಂಬಾತ 1919ರಿಂದ 1940ರವರೆಗೆ ಮಾಡಿದ್ದು ಎಲ್ಲಾ ಸೇರಿ ಸುಮಾರು 3,000 ಗಾಡಿ ಅಷ್ಟೇ. ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಹೆಸರಾದ ಟಿ.ಇ. ಲಾರೆನ್ಸ್ ಒಂದಾದ ಮೇಲೊಂದರಂತೆ ಏಳು ಬ್ರಫ್ ಇಟ್ಟುಕೊಂಡಿದ್ದ. 1935ರಲ್ಲಿ ಆತನ ಪ್ರಾಣ ಹೋದದ್ದೂ ಅದೇ ಗಾಡಿಯ ಅಪಘಾತದಲ್ಲಿ. ಹರಾಜಿಗೆ ಬಂದ ಎಂಟೂ ಕಾರ್ನ್‌ವಾಲ್ ಪ್ರಾಂತದ ಬಾಡ್ಮಿನ್ ಬಯಲಿನ ಕಡೆ ಒಂದು ಕೊಟ್ಟಿಗೆಯಲ್ಲಿ 50 ವರ್ಷಕ್ಕೂ ಮೇಲೆ ಬಿದ್ದಿದ್ದವು.

ಇಲ್ಲಿ ಒಂದು ವಿಚಿತ್ರ ನೋಡಿ. ಚೆನ್ನಾಗಿ ಉಜ್ಜಿ, ಬಣ್ಣ ಹೊಡೆದು, ಕನ್ನಡಿ ಥರ ಮಾಡಿ ನಿಲ್ಲಿಸಿದ ಎಷ್ಟೋ ಇಂಗ್ಲಿಷ್ ಗಾಡಿಗಳು ಅಂಥದೇ ಹರಾಜುಗಳಲ್ಲಿ ಕೂಗುವವರಿಲ್ಲದೆ ವಾಪಸ್ ಮನೆಗೆ ಹೋಗುತ್ತವೆ. ತುಕ್ಕಿನ ಗಾಡಿಗೆ ಕೋಟಿ, ಹೊಳೆಯೋ ಗಾಡಿಗೆ ಕೈ! ಇದೇನು ಹುಚ್ಚಾ? ವ್ಯಾಪಾರಸ್ಥರಾದವರು ಸ್ವಲ್ಪ ನಿಧಾನವಾಗಿ ನೋಡಿದರೆ ಹುಚ್ಚಿನೊಳಗೂ ಒಂದು ಲೆಕ್ಕ ಕಾಣುತ್ತೆ.

ಎರಡೂ ಕಡೆ ದಲಾಲಿ

ಇಂಗ್ಲೆಂಡಿನಲ್ಲಿ ಹಳೇ ಗಾಡಿಗಳ ಹರಾಜು ಅಂದ್ರೆ ಜಾತ್ರೆಯೂ ಹೌದು, ಮಂಡಿಯೂ ಹೌದು. ಸಸೆಕ್ಸ್ ಸೀಮೆಯ ಗುಡ್‌ವುಡ್‌ನಲ್ಲಿ ರೇಸಿನ ಉತ್ಸವದ ಜೊತೆಗೇ ಹರಾಜು ನಡೆಯುವ ಪದ್ಧತಿ 1993ರಿಂದ ಬೆಳೆದು ಬಂದಿದೆ. ಮೋಟಾರ್ ಸೈಕಲ್ಲಿಗೆ ಸ್ಟಾಫರ್ಡ್ ಹೆಸರುವಾಸಿ. ಸಣ್ಣಪುಟ್ಟ ಊರುಗಳಲ್ಲೂ ದನದ ಸಂತೆ ಕಟ್ಟುವಂಥ ಶೆಡ್ಡುಗಳಲ್ಲಿ ಹರಾಜು ಆಗುತ್ತವೆ.

ಮೊದಲು ಒಂದು ಪಟ್ಟಿ ಅಚ್ಚಾಗುತ್ತೆ. ಪ್ರತಿ ಗಾಡಿಗೂ ಒಂದು ಲಾಟ್ ನಂಬರು, ಚಾಸಿಸ್ ನಂಬರು, ಎಂಜಿನ್ ನಂಬರು, ಇಂತಿಷ್ಟರಿಂದ ಇಂತಿಷ್ಟು ಬರಬಹುದೆಂಬ ಅಂದಾಜು ಬೆಲೆ. ಮಾರುವವನು ‘ಇದಕ್ಕಿಂತ ಕೆಳಗೆ ಕೊಡಬೇಡಿ’ ಅಂತ ಒಂದು ಗುಟ್ಟಿನ ದರ ಹೇಳಿರುತ್ತಾನೆ. ಅದು ಕೂಗುವವನಿಗೆ ಮಾತ್ರ ಗೊತ್ತು. ಸವಾಲು ಆ ದರ ಮುಟ್ಟದಿದ್ದರೆ ಗಾಡಿ ವಾಪಸ್.

ಹರಾಜಿಗೆ ಮುಂಚೆ ಮಾಲು ನೋಡೋಕೆ ಬಿಡುತ್ತಾರೆ. ಪಳಗಿದ ಗಿರಾಕಿಯ ಜೇಬಿನಲ್ಲಿ ಎರಡು ವಸ್ತು ಇರುತ್ತೆ: ಒಂದು ಟಾರ್ಚು, ಇನ್ನೊಂದು ಅಯಸ್ಕಾಂತ. ಟಾರ್ಚು ಗಾಡಿ ಕೆಳಗೆ ಮಲಗಿ ಚಾಸಿಸ್ ನೋಡೋದಕ್ಕೆ. ಅಯಸ್ಕಾಂತ ಬಾಡಿಗೆ ಹಿಡಿಯೋದಕ್ಕೆ. ಕಬ್ಬಿಣದ ತಗಡಾದರೆ ಟಕ್ ಅಂತ ಅಂಟುತ್ತೆ. ತುಕ್ಕಿನ ತೂತಿಗೆ ಪುಟ್ಟಿ ಮೆತ್ತಿ ಮೇಲೆ ಬಣ್ಣ ಹೊಡೆದಿದ್ದರೆ ಅಯಸ್ಕಾಂತ ಜಾರಿ ಬೀಳುತ್ತೆ! ಆದರೆ ಲ್ಯಾಂಡ್ ರೋವರ್ ಜೀಪಿನ ಮುಂದೆ ಈ ಉಪಾಯ ನಡೆಯೋದಿಲ್ಲ. 1948ರಲ್ಲಿ ಆ ಗಾಡಿ ಹುಟ್ಟಿದಾಗ ಯುದ್ಧ ಮುಗಿದ ಇಂಗ್ಲೆಂಡಿನಲ್ಲಿ ಉಕ್ಕಿಗೆ ರೇಷನ್ನು. ಅದಕ್ಕೇ ಬಾಡಿಯನ್ನು ಅಲ್ಯೂಮಿನಿಯಂನಲ್ಲಿ ಮಾಡಿದರು. ಒಳಗಿನ ಚಾಸಿಸ್ ಮಾತ್ರ ಉಕ್ಕು. ಮೇಲೆ ನೋಡಿದರೆ ಮದುಮಗ, ಕೆಳಗೆ ನೋಡಿದರೆ ಗೆದ್ದಲು ತಿಂದ ತೊಲೆ ಅನ್ನುವಂಥ ಗಾಡಿಗಳು ಬೇಕಾದಷ್ಟು.

ಇನ್ನು ಲೆಕ್ಕ. ಸುತ್ತಿಗೆ ಬಿದ್ದ ದರವೇ ಕೊನೆಯ ದರ ಅಂದುಕೊಂಡವನು ಕೆಟ್ಟ. ಉದಾಹರಣೆಗೆ ಒಂದು ಕಾರು 20,000 ಪೌಂಡಿಗೆ ಕೂಗಿಗೆ ನಿಂತಿತು ಅನ್ನಿ. ಕೊಂಡವನು ಅದರ ಮೇಲೆ ಹರಾಜು ಕಂಪನಿಗೆ ನೂರಕ್ಕೆ ಹನ್ನೆರಡೂವರೆ ದಲಾಲಿ ಕೊಡಬೇಕು ಎಂದಿಟ್ಟುಕೊಂಡರೆ 2,500 ಪೌಂಡ್. ಆ ದಲಾಲಿ ಮೇಲೆ ನೂರಕ್ಕೆ 20 ತೆರಿಗೆ, 500 ಪೌಂಡ್. ಒಟ್ಟು ಅವನ ಕೈಯಿಂದ ಹೋದದ್ದು 23,000. ಅತ್ತ ಮಾರಿದವನ ಕಡೆಯಿಂದ ನೂರಕ್ಕೆ ಐದು ದಲಾಲಿ ಅಂದ್ರೂ 1,000, ಅದರ ಮೇಲೆ ತೆರಿಗೆ 200. ಅವನ ಕೈಗೆ ಬಂದದ್ದು 18,800. ನಡುವಿನ 4,200 ಪೌಂಡ್ ಎಲ್ಲಿ ಹೋಯ್ತು? ಕಂಪನಿಗೂ ಸರ್ಕಾರಕ್ಕೂ. ಒಂದು ಕಡೆ ದಲಾಲಿ ಮುರಿದುಕೊಂಡ್ರೇ ಅಡಿಕೆ ಮಂಡಿಯಲ್ಲಿ ಗಲಾಟೆ ಆಗುತ್ತೆ. ಅಲ್ಲಿ ಎರಡೂ ಕಡೆ ಮುರಿದುಕೊಳ್ತಾರೆ, ಜನ ಟೈ ಕಟ್ಟಿಕೊಂಡು ಬಂದು ಕೊಟ್ಟು ಹೋಗ್ತಾರೆ!

ಜೊತೆಗೆ ಇನ್ನೊಂದು ಮಾತು. ಹರಾಜಿನ ಮಾಲು ‘ಹೇಗಿದೆಯೋ ಹಾಗೆ’. ಮನೆಗೆ ತಂದ ಮೇಲೆ ಗೇರ್ ಬೀಳ್ತಿಲ್ಲ, ಎಂಜಿನ್ ಸ್ಟಾರ್ಟ್ ಆಗ್ತಿಲ್ಲ ಅಂತ ಬಾಯಿ ಬಡಿದುಕೊಂಡರೆ ಕೇಳೋರು ಕಮ್ಮಿ.

ಬಡಗಿಯೂ ಬೇಕು, ಬೆಸುಗೆಯವನೂ ಬೇಕು

ಹಳೇ ಗಾಡಿಯನ್ನು ಹೊಸತರ ಹಾಗೆ ಮಾಡೋದು ಹುಡುಗಾಟದ ಕೆಲಸ ಅಲ್ಲ. ಇಂಗ್ಲೆಂಡಿನ ಮಳೆ, ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಸುರಿಯುವ ಉಪ್ಪು, ಇವೆರಡೂ ಸೇರಿ ಕಾರಿನ ಹೊಟ್ಟೆಯನ್ನು ಕೆಳಗಿನಿಂದ ತಿಂದು ಹಾಕುತ್ತವೆ. ಬಾಗಿಲ ಕೆಳಗಿನ ಪಟ್ಟಿ ಮೊದಲು ಹೋಗುತ್ತೆ, ಆಮೇಲೆ ತಳದ ತಗಡು. ಗಾಡಿಯನ್ನು ಪೂರ್ತಿ ಬಿಚ್ಚಿ, ನಟ್ಟು ಬೋಲ್ಟುಗಳನ್ನೆಲ್ಲ ಡಬ್ಬಿಗೆ ಹಾಕಿ ಚೀಟಿ ಅಂಟಿಸಿ, ಕೊಳೆತ ತಗಡು ಕತ್ತರಿಸಿ, ಹೊಸದನ್ನು ಅದೇ ಆಕಾರಕ್ಕೆ ಬಡಿದು ಬೆಸೆಯಬೇಕು. ಆಮೇಲೆ ಎಂಜಿನ್ ಬೋರ್ ಮಾಡಿಸೋದು, ವೈರಿಂಗ್ ಹೊಸದಾಗಿ ಎಳೆಯೋದು, ಸೀಟಿಗೆ ಚರ್ಮ, ಬಂಪರಿಗೆ ಕ್ರೋಮು. ವೈರಿಂಗ್ ಅಂದಾಗ ಇಂಗ್ಲಿಷ್ ಗಾಡಿಯವರು ತಾವೇ ನಗುತ್ತಾರೆ. ಲ್ಯೂಕಾಸ್ ಕಂಪನಿಯ ಹಳೇ ದೀಪಗಳು ಯಾವಾಗ ಆರಿಹೋಗುತ್ತವೋ ಗೊತ್ತಿಲ್ಲದ್ದರಿಂದ ಕಂಪನಿಗೆ ‘ಕತ್ತಲೆಯ ರಾಜಕುಮಾರ’ ಅಂತಲೇ ಅಡ್ಡ ಹೆಸರು!

ಮಾರಿಸ್ ಮೈನರ್ ಟ್ರಾವೆಲರ್ ಎಂಬ ಕಾರಿಗೆ ಬಡಗಿಯೇ ಬೇಕು. 1953ರಲ್ಲಿ ಬಂದ ಆ ಗಾಡಿಯ ಹಿಂಭಾಗದ ಚೌಕಟ್ಟು ಆಶ್ ಮರದ್ದು. ಅಂದಕ್ಕೆ ಅಂಟಿಸಿದ ಮರ ಅಲ್ಲ, ಗಾಡಿಯ ಹಿಂಬದಿಯನ್ನು ಹೊತ್ತು ನಿಂತ ಮರ. ಅದು ಕೊಳೆತರೆ ತಪಾಸಣೆಯಲ್ಲಿ ಗಾಡಿ ಫೇಲು. ಇನ್ನು ಹಳೇ ಇಂಗ್ಲಿಷ್ ಎಂಜಿನ್ ಬಿಚ್ಚಬೇಕಾದರೆ ಇವತ್ತಿನ ಮಿಲಿಮೀಟರ್ ಸ್ಪ್ಯಾನರ್ ಸೆಟ್ ಕೂರೋದಿಲ್ಲ. ಜೋಸೆಫ್ ವಿಟ್‌ವರ್ತ್ ಎಂಬ ಎಂಜಿನಿಯರು 1841ರಲ್ಲಿ ಹೊರಡಿಸಿದ ಮರೆಯ ಅಳತೆಯ ಸ್ಪ್ಯಾನರುಗಳೇ ಬೇಕು. ಹಳೇ ಬುಲೆಟ್ ಬಿಚ್ಚಿದ ಮೇಸ್ತ್ರಿಗಳಿಗೆ ಈ ಕಷ್ಟ ಹೇಳಿಕೊಡಬೇಕಾಗಿಲ್ಲ.

ಕೆಲವು ಗಾಡಿಗಳಿಗೆ ದೇವರು ದಾರಿ ತೋರಿಸಿದ್ದಾನೆ. ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರು 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಮೇಲೆ ತಯಾರಾಯಿತು. 1980ರಲ್ಲಿ ಅಬಿಂಗ್ಡನ್ ಊರಿನ ಕಾರ್ಖಾನೆಗೆ ಬೀಗ ಬಿತ್ತು. ಆದರೆ ಬಾಡಿ ಅಚ್ಚೊತ್ತುವ ಹಳೇ ಅಚ್ಚುಗಳು ಉಳಿದಿದ್ದವು. ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಅವನ್ನು ಹುಡುಕಿ ತೆಗೆದು 1988ರಲ್ಲಿ ಮತ್ತೆ ಹೊಸ ಬಾಡಿ ಮಾಡಿ ಮಾರತೊಡಗಿತು. ಕಾರು ಸತ್ತು ಎಂಟು ವರ್ಷದ ಮೇಲೆ ಅದರ ಮೈ ಹೊಸದಾಗಿ ಅಂಗಡಿಗೆ ಬಂತು!

ಇಷ್ಟೆಲ್ಲ ಮಾಡಿ ಹರಾಜಿಗೆ ತಂದರೆ ಲಾಭ ಸಿಗುತ್ತಾ? ಸಾಮಾನ್ಯ ಕಾರಿನ ವಿಷಯದಲ್ಲಿ ರಿಪೇರಿ ಖರ್ಚು ಮಾರಾಟದ ದರವನ್ನು ಮೀರೋದೇ ಹೆಚ್ಚು. ಮಾರಿಸ್ ಮೈನರ್ 16 ಲಕ್ಷ ತಯಾರಾದ ಕಾರು, ಮಿನಿ 50 ಲಕ್ಷಕ್ಕೂ ಮೇಲೆ. ಎರಡನ್ನೂ ರೂಪಿಸಿದ್ದು ಅಲೆಕ್ ಇಸಿಗೋನಿಸ್ ಎಂಬ ಒಬ್ಬನೇ ಎಂಜಿನಿಯರು. ಮಾಲು ಹೇರಳ, ಮೇಸ್ತ್ರಿ ಕೂಲಿ ಗಂಟೆ ಲೆಕ್ಕದಲ್ಲಿ. ಕೊನೆಗೆ ಲಾಭ ಸುತ್ತಿಗೆಯವನಿಗೆ, ತೃಪ್ತಿ ಮಾತ್ರ ಮಾಲೀಕನಿಗೆ. ಅಪ್ಪನ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದ ಹುಡುಗ ತಲೆ ನರೆತ ಮೇಲೆ ಅದೇ ಕಾರು ಹುಡುಕಿಕೊಂಡು ಬರ್ತಾನೆ. ಅವನ ಮಗನಿಗೆ ಬೇರೆ ಕಾರಿನ ಕನಸು. ಆಸೆಗೂ ಒಂದು ತಲೆಮಾರಿನ ಆಯುಸ್ಸು ಇದೆ. ಇದು ಗೊತ್ತಿಲ್ಲದೆ ಬಂಗಾರ ಅಂತ ತಿಳಿದು ಕಾರು ಕೊಂಡಿಟ್ಟವರು 1980ರ ದಶಕದ ಕೊನೆಯಲ್ಲಿ ಬೆಲೆ ಗಗನಕ್ಕೆ ಏರಿದ್ದನ್ನೂ ನೋಡಿದರು, 1990ರ ನಂತರ ದೊಪ್ಪೆಂದು ಬಿದ್ದದ್ದನ್ನೂ ನೋಡಿದರು.

ಒಂದು ವರ್ಷದ ವ್ಯತ್ಯಾಸ

ಹಾಗಾದರೆ ದುಡ್ಡು ಹೋಗೋದು ಯಾವುದಕ್ಕೆ? ಕಾಗದಕ್ಕೆ!

ಲಂಡನ್ನಿನಿಂದ ಬ್ರೈಟನ್ನಿಗೆ ಪ್ರತಿ ನವೆಂಬರಿನಲ್ಲಿ ಹಳೇ ಕಾರುಗಳ ಓಟ ನಡೆಯುತ್ತೆ, ಸುಮಾರು 60 ಮೈಲಿ. 1896ರ ನವೆಂಬರ್ 14ರಂದು ಮೋಟಾರು ವಾಹನಗಳ ವೇಗದ ಮಿತಿಯನ್ನು ಗಂಟೆಗೆ 14 ಮೈಲಿಗೆ ಏರಿಸಿದ ಸಂತೋಷಕ್ಕೆ ನಡೆದ ಓಟದ ನೆನಪಿಗೆ ಇದು. ಇದಕ್ಕೆ ಒಂದು ಕಟ್ಟುಪಾಡು: ಗಾಡಿ 1905ರ ಜನವರಿ 1ಕ್ಕಿಂತ ಮುಂಚೆ ತಯಾರಾಗಿರಬೇಕು. ಹಾಗಾಗಿ 1904ರ ಕಾರಿಗೂ 1905ರ ಕಾರಿಗೂ ನೋಡೋಕೆ ಏನೂ ವ್ಯತ್ಯಾಸ ಇಲ್ಲದಿದ್ದರೂ ಹರಾಜು ಕಟ್ಟೆಯಲ್ಲಿ ಭಾರಿ ವ್ಯತ್ಯಾಸ. ಇಸವಿ ತೀರ್ಮಾನ ಮಾಡಿ ಚೀಟಿ ಕೊಡೋದು 1930ರಲ್ಲಿ ಹುಟ್ಟಿದ ವೆಟರನ್ ಕಾರ್ ಕ್ಲಬ್. ಆ ಒಂದು ಚೀಟಿ ಇದ್ದರೆ ಗಾಡಿಗೆ ಕೋಡು!

ಮುಂದಿನ ಕಾಲದ ಕಾರುಗಳಿಗೆ ಬೇರೆ ಕಾಗದ. ಗೇಡನ್ ಎಂಬಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂನಲ್ಲಿ ಆಸ್ಟಿನ್, ಮಾರಿಸ್, ಎಂಜಿ ಮುಂತಾದ ಕಾರ್ಖಾನೆಗಳ ಹಳೇ ದಾಖಲೆ ಪುಸ್ತಕಗಳಿವೆ. ಚಾಸಿಸ್ ನಂಬರು ಕೊಟ್ಟರೆ ಆ ಕಾರು ಯಾವ ದಿನ ತಯಾರಾಯಿತು, ಮೊದಲ ಬಣ್ಣ ಯಾವುದು, ಎಂಜಿನ್ ನಂಬರು ಎಷ್ಟು ಅಂತ ಪುಸ್ತಕ ತೆಗೆದು ನೋಡಿ ಸರ್ಟಿಫಿಕೇಟ್ ಬರೆದು ಕೊಡುತ್ತಾರೆ. ಸರ್ಟಿಫಿಕೇಟಿನ ನಂಬರೂ ಗಾಡಿಯ ನಂಬರೂ ತಾಳೆಯಾದರೆ ಬೆಲೆ ಏರಿತು. ಆಗಲಿಲ್ಲವಾದರೆ ಕೊಳ್ಳುವವ ತಲೆ ಕೆರೆದುಕೊಳ್ತಾನೆ.

ತಲೆ ಕೆರೆದುಕೊಳ್ಳೋದಕ್ಕೆ ಕಾರಣ ಇದೆ. ಸಾದಾ ಮಿನಿಗೆ ಎಂಜಿನ್ ಬದಲಾಯಿಸಿ, ಹೆಸರಿನ ಬಿಲ್ಲೆ ಹೊಡೆದು ‘ಕೂಪರ್ ಎಸ್’ ಅಂತ ಮಾರಿದ ಚಾಲಾಕಿಗಳು ಆ ದೇಶದಲ್ಲೂ ಇದ್ದಾರೆ. ಗುಜರಿಗೆ ಹೋದ ಅಸಲಿ ಕಾರಿನ ನಂಬರ್ ಬಿಲ್ಲೆ ಕಿತ್ತು ನಕಲಿಗೆ ಅಂಟಿಸಿದವರೂ ಇದ್ದಾರೆ. ಒಂದು ಬಿಲ್ಲೆ, ನಾಲ್ಕು ಮೊಳೆ, ಸಾವಿರಾರು ಪೌಂಡು! ಈ ಕಾಟ ತಡೆಯೋಕೆ ಇಂಗ್ಲೆಂಡಿನ ವಾಹನ ನೋಂದಣಿ ಇಲಾಖೆ ಒಮ್ಮೆ ಶಾಲೆ ಮೇಷ್ಟ್ರ ಥರ ಅಂಕ ಹಾಕುವ ಪದ್ಧತಿಯನ್ನೇ ತಂದಿತು. ಹಳೇ ಗಾಡಿಯನ್ನು ಬಿಚ್ಚಿ ಕಟ್ಟಿದಾಗ ಮೂಲದ ಚಾಸಿಸ್ ಉಳಿದಿದ್ದರೆ 5 ಅಂಕ, ಆಕ್ಸಲ್, ಸ್ಟೀರಿಂಗ್, ಗೇರ್ ಬಾಕ್ಸ್ ಥರದವಕ್ಕೆ 2 ಅಂಕ. ಎಂಜಿನ್ನಿಗೆ? ಒಂದೇ ಒಂದು. ಎಂಟು ಅಂಕ ಬಂದರೆ ಹಳೇ ನಂಬರು ಉಳಿಯಿತು, ಇಲ್ಲಾಂದ್ರೆ ಹೋಯಿತು.

ಕೋರ್ಟ್ ಮೆಟ್ಟಿಲು ಹತ್ತಿದ ಬೆಂಟ್ಲಿ

ಈ ಅಸಲಿ–ನಕಲಿ ಜಗಳ ಲಂಡನ್ನಿನ ಹೈಕೋರ್ಟಿಗೂ ಹೋಗಿತ್ತು. ವರ್ಷ 1990. ಕಾರು ಬೆಂಟ್ಲಿ ಕಂಪನಿಯ ‘ಓಲ್ಡ್ ನಂಬರ್ ಒನ್’. ಫ್ರಾನ್ಸಿನ ಲ ಮಾನ್‌ನಲ್ಲಿ ನಡೆಯುವ 24 ಗಂಟೆ ರೇಸನ್ನು 1929 ಮತ್ತು 1930ರಲ್ಲಿ, ಎರಡು ವರ್ಷ ಸತತವಾಗಿ ಗೆದ್ದ ಗಾಡಿ. ಮಾರಾಟದ ಮಾತುಕತೆ ಮುಗಿದಿತ್ತು, ಬೆಲೆ ಒಂದು ಕೋಟಿ ಪೌಂಡ್! ಕೊನೆಗೆ ಕೊಳ್ಳುವವರು ‘ಇದು ಆ ಕಾರೇ ಅಲ್ಲ’ ಅಂತ ಕೈಯೆತ್ತಿದರು. ಮಾರುವವರು ಕೋರ್ಟಿಗೆ ಹೋದರು.

ಕೊಳ್ಳುವವರ ಮಾತಿನಲ್ಲೂ ಹುರುಳಿತ್ತು. ರೇಸು ಗೆದ್ದ ಕಾರನ್ನು ಪ್ರತಿ ಸಾರಿ ಬಿಚ್ಚಿ ಬಿಚ್ಚಿ ಕಟ್ಟಿದ್ದರು. 1932ರಲ್ಲಿ ಬೇರೆ ರೇಸಿಗೆಂದು ಪೂರ್ತಿ ಬದಲಾಯಿಸಿದ್ದರು. ಅದೇ ವರ್ಷ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಅಪಘಾತವಾಗಿ ಓಡಿಸುತ್ತಿದ್ದ ಕ್ಲೈವ್ ಡನ್‌ಫೀ ಸತ್ತುಹೋದ. ಆಮೇಲೆ ಮತ್ತೆ ಕಟ್ಟಿ ಬೇರೆ ಬಾಡಿ ಕೂರಿಸಿದರು. 1930ರ ಕಾರಿನಿಂದ ಉಳಿದದ್ದು ಪೆಡಲ್ ಶಾಫ್ಟು, ಗೇರ್ ಬಾಕ್ಸಿನ ಕವಚ, ಸ್ಟೀರಿಂಗ್ ಕಂಬ ಇಷ್ಟೇ ಅಂತ ಕೋರ್ಟೇ ಕಂಡುಕೊಂಡಿತು.

ಆದರೂ ತೀರ್ಪು ಮಾರುವವರ ಪರ! ಒಂದೇ ಸಾರಿ ಯಾರೋ ಬೇರೆ ಕಾರು ತಂದಿಟ್ಟು ಹೆಸರು ಅಂಟಿಸಿದ್ದಲ್ಲ. ಓಡುತ್ತಾ, ಸವೆಯುತ್ತಾ, ರಿಪೇರಿಯಾಗುತ್ತಾ, ಕಡಿಯದ ಚರಿತ್ರೆಯೊಂದಿಗೆ ಬಂದ ಕಾರು ಇದು, ಹಾಗಾಗಿ ಆ ಹೆಸರಿಗೆ ಇದೇ ಹಕ್ಕುದಾರ ಎಂಬುದು ಕೋರ್ಟಿನ ತೀರ್ಮಾನದ ಸಾರ. ಅಜ್ಜನ ಕಾಲದ ಕೊಡಲಿ: ಅಪ್ಪ ಕಾವು ಬದಲಾಯಿಸಿದ, ಮಗ ಅಲಗು ಬದಲಾಯಿಸಿದ, ಆದರೂ ಮನೆಯವರಿಗೆ ಅದು ಅಜ್ಜನ ಕೊಡಲಿಯೇ. ಅಷ್ಟೇ ವಿಷಯ.

ಬಸ್ಸಿನಲ್ಲಿ ನಿತ್ಯ ಓಡಾಡುವವರಿಗೆ ಇನ್ನೊಂದು ಉದಾಹರಣೆ. ಲಂಡನ್ನಿನ ಕೆಂಪು ಡಬಲ್ ಡೆಕ್ಕರ್ ರೂಟ್‌ಮಾಸ್ಟರ್ ಬಸ್ಸು 1954ರಿಂದ 1968ರವರೆಗೆ 2,876 ತಯಾರಾದವು. ಅವುಗಳ ದೊಡ್ಡ ರಿಪೇರಿ ಆಲ್ಡನ್‌ಹ್ಯಾಮ್ ವರ್ಕ್‌ಶಾಪಿನಲ್ಲಿ. ಅಲ್ಲಿ ಬಾಡಿಯನ್ನು ಎತ್ತಿ ಒಂದು ಕಡೆ ಕಳಿಸುತ್ತಿದ್ದರು, ಕೆಳಗಿನ ಎಂಜಿನ್ ಭಾಗವನ್ನು ಇನ್ನೊಂದು ಕಡೆ. ಯಾವುದು ಮೊದಲು ತಯಾರಾಯಿತೋ ಅದನ್ನು ಇದಕ್ಕೆ ಕೂರಿಸಿ ನಂಬರ್ ಪ್ಲೇಟು ಹೊಡೆದು ರಸ್ತೆಗೆ ಬಿಡುತ್ತಿದ್ದರು. ಒಳಗೆ ಹೋದ ಬಸ್ಸೇ ಹೊರಗೆ ಬಂತು ಅನ್ನುವ ಹಾಗಿಲ್ಲ! 2005ರ ಡಿಸೆಂಬರ್ 9ರಂದು ಮಾಮೂಲಿ ಸರ್ವೀಸಿನಿಂದ ಕೊನೆಯ ರೂಟ್‌ಮಾಸ್ಟರ್ ತೆಗೆದ ಹೊತ್ತಿಗೆ ಎಷ್ಟೋ ಬಸ್ಸುಗಳು ಖಾಸಗಿಯವರ ಕೈ ಸೇರಿದ್ದವು. ಕೆಲವು ಮದುವೆ ದಿಬ್ಬಣಕ್ಕೆ ಬಾಡಿಗೆ ಓಡುತ್ತವೆ. ‘ನನ್ನದು ಇಂಥ ನಂಬರಿನ ಬಸ್ಸು’ ಅಂತ ಹೆಮ್ಮೆ ಪಡುವ ಮಾಲೀಕನ ಬಸ್ಸಿನ ಮೈ ಒಂದರದ್ದು, ಎಂಜಿನ್ ಇನ್ನೊಂದರದ್ದು, ಹೆಸರು ಮೂರನೆಯದರದ್ದು.

ಕಾರ್ಖಾನೆ ಮುಚ್ಚಿತು, ಹೆಸರು ಮಾರಿತು

ಅತಿ ಹೆಚ್ಚು ಬೆಲೆ ಬಂದ ಇಂಗ್ಲಿಷ್ ಕಾರುಗಳನ್ನು ನೋಡಿ. 1956ರ ಲ ಮಾನ್ ಗೆದ್ದ ಜಾಗ್ವಾರ್ ಡಿ–ಟೈಪ್ 2016ರಲ್ಲಿ 2 ಕೋಟಿ 17 ಲಕ್ಷ ಡಾಲರಿಗೂ ಮೇಲೆ ಹೋಯಿತು. ಮರುವರ್ಷ ಆಸ್ಟನ್ ಮಾರ್ಟಿನ್ ಕಂಪನಿಯ ಡಿಬಿಆರ್1 ಕಾರು 2 ಕೋಟಿ 25 ಲಕ್ಷ ಡಾಲರಿಗೆ. ಎರಡೂ ಹರಾಜಾದದ್ದು ಇಂಗ್ಲೆಂಡಿನಲ್ಲಲ್ಲ, ಅಮೆರಿಕಾದ ಕ್ಯಾಲಿಫೋರ್ನಿಯಾದಲ್ಲಿ. ಮಾಡಿದವರ ಊರಿನಲ್ಲಿ ಕಾರ್ಖಾನೆಗಳೇ ಒಂದೊಂದಾಗಿ ಮುಚ್ಚಿದವು. ರಾಯಲ್ ಎನ್‌ಫೀಲ್ಡಿನ ರೆಡಿಚ್ ಕಾರ್ಖಾನೆ 1967ರಲ್ಲಿ. ಟ್ರಯಂಫ್ ಮೋಟಾರ್ ಸೈಕಲ್ಲಿನ ಮೆರಿಡನ್ ಕಾರ್ಖಾನೆಯನ್ನು ಕಾರ್ಮಿಕರೇ ಸಹಕಾರಿ ಸಂಘ ಕಟ್ಟಿ ನಡೆಸಿದರೂ 1983ರಲ್ಲಿ ನಿಂತಿತು. ಲಾಂಗ್‌ಬ್ರಿಜ್‌ನ ಎಂಜಿ ರೋವರ್ 2005ರಲ್ಲಿ ಮುಳುಗಿತು. ಬೆವರು ಸುರಿಸಿ ಗಾಡಿ ಮಾಡಿದವನಿಗೆ ಪಿಂಚಣಿ, ಗಾಡಿ ಕೊಂಡು ಬೀಗ ಹಾಕಿಟ್ಟವನಿಗೆ ಕೋಟಿ. ಸುತ್ತಿಗೆ ಬಿದ್ದಾಗ ಚಪ್ಪಾಳೆ ತಟ್ಟುವವರಿಗೆ ಈ ಮಾತು ನೆನಪಾಗೋದು ಕಡಿಮೆ.

ಹೆಸರುಗಳು ಎಲ್ಲಿಗೆ ಬಂದವು ಗೊತ್ತಾ? ನಮ್ಮ ಕಡೆಗೇ. ಬುಲೆಟ್ 1955ರಿಂದ ಮದ್ರಾಸಿನಲ್ಲಿ ತಯಾರಾಗತೊಡಗಿ ಅಲ್ಲೇ ಊರಿಕೊಂಡಿತು. ಜಾಗ್ವಾರ್ ಮತ್ತು ಲ್ಯಾಂಡ್ ರೋವರನ್ನು 2008ರಲ್ಲಿ ಟಾಟಾ ಕೊಂಡಿತು. ಬಿಎಸ್‌ಎ ಹೆಸರು 2016ರಲ್ಲಿ ಮಹೀಂದ್ರಾ ಕಡೆಗೆ ಬಂತು. ನಾರ್ಟನ್ ಮೋಟಾರ್ ಸೈಕಲ್ಲನ್ನು 2020ರಲ್ಲಿ ಕೊಂಡದ್ದು ಟಿವಿಎಸ್. ಅದರ ಕಾರ್ಖಾನೆ ಇರೋದು ಬೆಂಗಳೂರಿನಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದ ಹೊಸೂರಿನಲ್ಲಿ. ‘ಮಾರಿಸ್ ಗ್ಯಾರೇಜಸ್’ನ ಎಂಜಿ ಮಾತ್ರ ಚೀನಾದ ಎಸ್‌ಎಐಸಿ ಕಂಪನಿಯ ಪಾಲಾಯಿತು.

ದಿನಾ ಹತ್ತುವ ಬಸ್ಸಿನ ಮೂತಿ ಮೇಲಿನ ‘ಲೇಲ್ಯಾಂಡ್’ ಕೂಡ ಇಂಗ್ಲೆಂಡಿನ ಲಂಕಾಶೈರಿನ ಒಂದು ಊರಿನ ಹೆಸರು. 1948ರಲ್ಲಿ ಆಸ್ಟಿನ್ ಕಾರು ಜೋಡಿಸಲು ಶುರುವಾದ ಮದ್ರಾಸಿನ ಅಶೋಕ್ ಮೋಟಾರ್ಸ್, 1955ರಲ್ಲಿ ಆ ಊರಿನ ಕಂಪನಿ ಕೈಜೋಡಿಸಿದ ಮೇಲೆ ಅಶೋಕ್ ಲೇಲ್ಯಾಂಡ್ ಆಯಿತು. ಇನ್ನು 2014ರವರೆಗೆ ತಯಾರಾದ ಅಂಬಾಸಿಡರ್ ಮೂಲದಲ್ಲಿ ಮಾರಿಸ್ ಆಕ್ಸ್‌ಫರ್ಡ್. ಮಂತ್ರಿ, ಡಿ.ಸಿ., ಟ್ಯಾಕ್ಸಿಯವ ಎಲ್ಲರೂ ಕೂತದ್ದು ಇಂಗ್ಲಿಷ್ ಕಾರಿನಲ್ಲೇ!

ನಮ್ಮೂರ ಶೆಡ್ಡಿನಲ್ಲಿ ಏನಿದೆ?

ಈಗ ಕೊನೆಯ ಮಾತು, ಊರಿನ ಮಾತು. ಜಿಲ್ಲೆ ಜಿಲ್ಲೆಯಲ್ಲೂ ಹಳೇ ಸಾಹುಕಾರರ ಮನೆ ಹಿತ್ತಲಲ್ಲಿ, ರೈಸ್ ಮಿಲ್ಲಿನ ಶೆಡ್ಡಿನಲ್ಲಿ, ಎಸ್ಟೇಟಿನ ಗೋಡೌನಿನಲ್ಲಿ ಒಂದಾದರೂ ಹಳೇ ಆಸ್ಟಿನ್ನೋ, ಮಾರಿಸ್ಸೋ, ಬಿಎಸ್‌ಎ ಮೋಟಾರ್ ಸೈಕಲ್ಲೋ ಕೋಳಿಗಳಿಗೆ ಗೂಡಾಗಿ ನಿಂತಿರೋದು ಸಾಧ್ಯ. ಇಂಥವನ್ನು ಕಾಪಾಡಿದರೆ ಎಷ್ಟು ಅಂದ ಅಂತ ನೋಡಬೇಕಾದವರು ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ಹೋಗಬಹುದು. ಶ್ರೀರಂಗಪಟ್ಟಣದ ಕಡೆ 2023ರಲ್ಲಿ ತೆರೆದ ‘ಪಯಣ’ ಮ್ಯೂಸಿಯಂ ಕೂಡ ಧರ್ಮಸ್ಥಳದ ಹೆಗ್ಗಡೆಯವರ ಆಸಕ್ತಿಯ ಫಲ.

ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ವಿಂಟೇಜ್ ವಾಹನಗಳಿಗೆಂದೇ ನಿಯಮ ಮಾಡಿದೆ. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ವ್ಯಾಪಾರಕ್ಕೆ ಬಳಸದ ಎರಡು ಚಕ್ರ, ನಾಲ್ಕು ಚಕ್ರದ ಗಾಡಿಗೆ ಇದು ಅನ್ವಯ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಅಂತ ನಿಯಮ ಹೇಳಿತು. ನೋಂದಣಿ 10 ವರ್ಷಕ್ಕೆ, ಹೊಸ ನಂಬರಿನಲ್ಲಿ ‘ವಿಎ’ ಎಂಬ ಎರಡು ಅಕ್ಷರ. ಮೊದಲೇ ನೋಂದಣಿ ಇದ್ದರೆ ಹಳೇ ನಂಬರು ಉಳಿಸಿಕೊಳ್ಳಬಹುದು. ದಿನನಿತ್ಯ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು ಇಂಥದಕ್ಕೆ ಮಾತ್ರ ರಸ್ತೆಗೆ ತರಬಹುದು.

ಎಲ್ಲಕ್ಕಿಂತ ಮುಖ್ಯವಾದ ಷರತ್ತು ಒಂದಿದೆ. ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿಸ್, ಬಾಡಿ, ಎಂಜಿನ್ ಗುರುತು ಸಿಗದ ಹಾಗೆ ಬದಲಾಗಿರಬಾರದು. ಸ್ಟಾಫರ್ಡಿನ ಹರಾಜು ಹೇಳಿದ ಪಾಠವನ್ನೇ ನಮ್ಮ ನಿಯಮವೂ ಹೇಳುತ್ತಿದೆ. ಅಜ್ಜನ ಆಸ್ಟಿನ್ನಿಗೆ ಡೀಸೆಲ್ ಎಂಜಿನ್ ಕೂರಿಸಿ, ಡಿಸ್ಕೋ ಬಣ್ಣ ಹೊಡೆಸಿ, ಅಲಾಯ್ ಚಕ್ರ ಹಾಕಿಸಿದ ಮೊಮ್ಮಗ ಮದುವೆ ಮೆರವಣಿಗೆಯಲ್ಲಿ ಮಿಂಚಬಹುದು. ವಿಂಟೇಜ್ ನೋಂದಣಿ ಕೇಳೋಕೆ ಹೋದಾಗ ಅದೇ ಹೊಳಪು ಅಡ್ಡಗಾಲು ಹಾಕುತ್ತೆ.

ಗುಜರಿಯವ ಬಾಗಿಲಿಗೆ ಬಂದಾಗ ದುಡುಕಬೇಡಿ. ಮೊದಲು ಅಟ್ಟ ಹತ್ತಿ, ಹಳೇ ಟ್ರಂಕು ತೆಗೆದು ಆರ್‌ಸಿ ಪುಸ್ತಕ ಹುಡುಕಿ. ಅಜ್ಜ ಕೊಂಡಾಗಿನ ಬಿಲ್ಲು, ತೆರಿಗೆ ರಸೀತಿ, ಗಾಡಿ ಮುಂದೆ ನಿಂತು ತೆಗೆಸಿಕೊಂಡ ಫೋಟೋ, ಎಲ್ಲಾ ಒಂದು ಲಕೋಟೆಗೆ ಹಾಕಿಡಿ. ಚಾಸಿಸ್ ನಂಬರ್ ಬಿಲ್ಲೆಯನ್ನು ಉಜ್ಜೋಕೆ ಹೋಗಿ ಅಕ್ಷರ ಅಳಿಸಬೇಡಿ. ಮನೆಯ ಗಾಡಿಗೆ ಕೋಟಿ ಬಾರದೇ ಇರಬಹುದು, ಲಕ್ಷವೂ ಬಾರದೇ ಇರಬಹುದು. ಆದರೆ ಕಾಗದ ಹೋದ ಗಾಡಿಗೆ ಬೆಲೆ ಕಟ್ಟೋನು ತಕ್ಕಡಿಯವನು ಒಬ್ಬನೇ. ಅವನು ಕೊಡೋದು ಕಬ್ಬಿಣದ ರೇಟು, ಅಷ್ಟೇ.